ಒಂದು ಪೆಟ್ಟು ಮುಂಚೆ

ಆತುರಣ್ಣ,

ನಿನ್ನ ವಿಳಾಸ ಗೊತ್ತಿಲ್ಲ, ಆದರೂ ಹೇಳದಿದ್ದರೆ ಹೊಟ್ಟೆ ಉಬ್ಬಿಹೋಗುತ್ತದೆ.

ನಾವು ಗ್ಯಾರೇಜಿನಲ್ಲಿ ರೆಕಾರ್ಡ್ ಮಾಡಿದ ಹಾಡನ್ನು ಇಂದು ಮಕ್ಕಳ ಆಸ್ಪತ್ರೆಯ ಸಹಾಯಾರ್ಥ ಹಾಡಿದೆ. ಪಲ್ಲವಿಗೆ ಹೊಸ ಡ್ರಮ್ಮರ್ ಸರಿಯಾದ ಜಾಗದಲ್ಲೇ ಬಾರಿಸಿದ. ಜನ ಮಾತ್ರ ರೆಕಾರ್ಡ್ ಕೇಳಿ ಕೇಳಿ ರೂಢಿಯಾಗಿ, ಅದರಲ್ಲಿ ನೀನು ಅವಸರಪಟ್ಟು ಡ್ರಮ್ ಬಾರಿಸಿದ ಕಡೆಯೇ, ಅವನಿಗಿಂತ ಒಂದು ಪೆಟ್ಟು ಮುಂಚೆ, ಚಪ್ಪಾಳೆ ಹೊಡೆದರು. ನಾವು ಜಗಳವಾಡಿ ಮಾತು ಬಿಟ್ಟಿದ್ದು ಅದೇ ಪೆಟ್ಟಿನ ವಿಷಯಕ್ಕೆ, ನೆನಪಿದೆಯಲ್ಲ?

ಮುಂದಿನ ಸಾಲಿನ ಅಜ್ಜಿ ಅವನನ್ನು ನೋಡಿ, "ಪಾಪ, ಇನ್ನೂ ಕಲೀತಿದಾನೆ ಬಿಡಿ" ಅಂದರು. ಅವನು ಪೆಚ್ಚಾಗಿ ನನ್ನ ಮುಖ ನೋಡಿದ.

"ಜನ ಹೇಳಿದ್ದೇ ಸರಿ ಕಣೋ, ಮುಂಚೆನೇ ಹೊಡಿ" ಅಂದೆ.

ದೇಣಿಗೆ ಡಬ್ಬಿಗಳ ಬಾಯಲ್ಲಿ ನೋಟುಗಳು ಇಣುಕುತ್ತಿದ್ದವು. ನರ್ಸಮ್ಮ ಮತ್ತೊಮ್ಮೆ ಹಾಡಿಸಿದರು. ಆ ಸಲ ನಾನೂ ನಿನ್ನ ಜಾಗದಲ್ಲೇ ಪಲ್ಲವಿ ಎತ್ತಿಕೊಂಡೆ.

ಇಷ್ಟು ವರ್ಷಕ್ಕೆ ಮೊದಲ ಸಲ ನೀನೂ ನಾನೂ ಒಂದೇ ಪೆಟ್ಟಿಗೆ ಒಟ್ಟಿಗೆ ಬಂದೆವು.