ಹತ್ತು ಮನುಷ್ಯರ ಅಳತೆ

ಸತ್ತಿ, ತಾ. ಅಥಣಿ
೧೮ ಜನವರಿ ೨೦೨೬

ಪುಣೆಯ ಮೋಟಾರು ಕಾರ್ಖಾನೆಯಲ್ಲಿ ಸೀಟು-ಬೆಲ್ಟುಗಳ ಉಸ್ತುವಾರಿ ಹೊತ್ತ ನನ್ನ ಘನವೆತ್ತ ಅಕ್ಕ ಸ್ನೇಹಲಳ ಪಾದಗಳಿಗೆ, ತಮ್ಮ ಶಿವರಾಜ ಉದ್ದಕ್ಕೆ ಅಡ್ಡಬಿದ್ದು ಬರೆಯುವುದೇನೆಂದರೆ,

ಫೋನಿನಲ್ಲಾದರೆ ನೀನು ನಡುವೆಯೇ ಬೈಯುತ್ತೀ. ಪತ್ರವಾದರೆ ಕೊನೆತನಕ ಓದಿ ಬೈಯಬೇಕು. ಅದಕ್ಕೇ ಪುಣೆಗೆ ದ್ರಾಕ್ಷಿ ಒಯ್ಯುವ ಗಂಗಾರಾಮ ಕಾಕಾನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಹೋದ ತಿಂಗಳು ನೀನು ಕಳಿಸಿದ ಹಾಳೆಯಲ್ಲಿ, ಊರಿನ ಹತ್ತು ಮನುಷ್ಯರನ್ನು ನಮ್ಮ ಮನೆಯ ಕಾರಿನ (ನಿಮ್ಮ ಕಾರ್ಖಾನೆಯದೇ) ಡ್ರೈವರ್ ಸೀಟಿನಲ್ಲಿ ಕೂರಿಸಿ, ಎದೆಯಿಂದ ಸ್ಟೇರಿಂಗಿಗೆ ಎಷ್ಟು ಇಂಚು, ಬೆಲ್ಟು ಎಲ್ಲಿ ಹಾಯುತ್ತದೆ ಎಂದು ಬರೆ, ಹೆಸರು ಬೇಡ ಎಂದಿತ್ತು. ಬರೆದೆ. ಹತ್ತೂ ಮಂದಿ ಹನ್ನೆರಡು ಇಂಚಿನ ಮೇಲೆ. ಬೆಲ್ಟು ಎಲ್ಲರಿಗೂ ಹೆಗಲ ಮೇಲೆ. ಅದನ್ನು ನೋಡಿ ನಿಮ್ಮ ಸಾಹೇಬರು ಈ ಸೀಟು ಎಲ್ಲರಿಗೂ ಸರಿ ಅಂದರಂತೆ. ಬರುವ ಬುಧವಾರ ಸಹಿ ಬಿದ್ದರೆ ಹೊಸ ಕಾರೂ ಹೀಗೇ ಬರುತ್ತದೆ ಎಂದು ನೀನು ಗುರುವಾರ ಸಪ್ಪೆ ದನಿಯಲ್ಲಿ ಹೇಳಿದೆ. ನಾನು ಅಭಿನಂದನೆ ಸಲ್ಲಿಸಿದೆ.

ಅಕ್ಕಾ, ಆ ಹತ್ತೂ ಮಂದಿ ಗಂಡಸರು.

ಬೇಕಂತ ಮಾಡಿದ್ದಲ್ಲ. ನಮ್ಮಲ್ಲಿ ಮನುಷ್ಯಾ ಅಂದರೆ ಯಾರು? "ಮನಿಗೆ ಇಬ್ಬರು ಮನಷ್ಯಾರು, ಒಬ್ಬಾಕಿ ಹೆಣ್ಮಗಳು ಬಂದಿದ್ರು" ಎಂದು ನೀನೂ ಹೇಳುತ್ತಿದ್ದವಳೇ. ಟೇಪು ಹಿಡಿದವಳು ಸಾಕ್ಷಾತ್ ನಮ್ಮವ್ವ. ಅವಳಿಗೂ ಸಂಶಯ ಬರಲಿಲ್ಲ.

ಶುಕ್ರವಾರ, ಕಾರು ಕಲಿಯುತ್ತಿರುವ ಅವ್ವ ಹೊಲದ ದಾರಿಯಲ್ಲಿ ಬರುವಾಗ ತಿರುವಿನಲ್ಲಿ ಯಾರೋ ಒಬ್ಬ ಅಡ್ಡ ನಿಂತಿದ್ದ. ಬ್ರೇಕು ಒತ್ತಿದಳು. ಅವನಿಗೇನೂ ಆಗಲಿಲ್ಲ. ಅವ್ವನ ಎದೆ ಸ್ಟೇರಿಂಗಿಗೆ ಬಡಿಯಿತು, ಬೆಲ್ಟು ಕುತ್ತಿಗೆಗೆ ಬರೆ ಎಳೆಯಿತು. ಎಲುಬು ಮುರಿದಿಲ್ಲ ಎಂದು ಅಥಣಿಯ ಡಾಕ್ಟರು ಹೇಳಿದ್ದಾರೆ, ಹೆದರಬೇಡ. ಕೆಮ್ಮು ಬಂದರೆ ಮಾತ್ರ ಎದೆ ಹಿಡಿದುಕೊಳ್ಳುತ್ತಾಳೆ. ಅಪ್ಪ, "ನಿನಗ ಕುಂಡ್ರಾಕ ಬರೂದಿಲ್ಲ ಬಿಡು" ಅಂದ. ಅವ್ವ, "ಹಿಂದ ಸರದ್ರ ಕಾಲು ನಿಲುಕೂದಿಲ್ಲ, ಮುಂದ ಸರದ್ರ ಕುತಗಿ ಕೊಯ್ತೈತಿ. ಎಲ್ಲಿ ಕುಂಡರ್ಲಿ, ಟಾಪಿನ ಮ್ಯಾಲ?" ಅಂದಳು.

ನಿನ್ನೆ ನಾನು ಅದೇ ಸೀಟಿನಲ್ಲಿ ಕೂತು, ಅದೇ ತಿರುವಿನಲ್ಲಿ, ಅಷ್ಟೇ ಜೋರಾಗಿ ಬ್ರೇಕು ಒತ್ತಿದೆ. ಏನೂ ಆಗಲಿಲ್ಲ. ಕಾರು ಒಂದೇ, ಬೆಲ್ಟು ಒಂದೇ. ಹಾಗಾದರೆ ಅವ್ವ ಕೂತದ್ದು ತಪ್ಪೋ, ಸೀಟು ಮಾಡಿದ್ದೇ ತಪ್ಪೋ?

ಇವತ್ತು ಓಣಿಯ ಹತ್ತು ಹೆಣ್ಣುಮಕ್ಕಳನ್ನು ಕೂರಿಸಿ ಅಳೆದೆ. ಅವ್ವ ಆರು ಇಂಚು. ಸುಂದ್ರವ್ವ ಏಳು, ಅವಳ ತುರುಬು ಹಿಂದಿನ ದಿಂಬಿಗೆ ತಾಗಿ ತಲೆಯೇ ಮುಂದೆ ಬಾಗಿತು. ಅಕ್ಕುತಾಯಿ ಆಯಿಗೆ ಬೆಲ್ಟು ಸೀದಾ ಗಂಟಲಿಗೆ. "ತಮ್ಮಾ, ಇದನ್ನ ಕಾಯಾಕ ಹಾಕ್ಯಾರೋ, ಕೊಲ್ಲಾಕ ಹಾಕ್ಯಾರೋ?" ಎಂದು ಕೇಳಿದಳು. ಹಾಳೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ, ಬದಿಗೆ ಬರೆದಿದ್ದೇನೆ.

ಬುಧವಾರ ಆ ಹಾಳೆಯ ಪಕ್ಕ ಈ ಹಾಳೆಯನ್ನೂ ಇಡು. ತಪ್ಪು ಯಾರದೆಂದು ಕೇಳಿದರೆ ನನ್ನ ಹೆಸರು ಹೇಳು.

ಇಂತಿ ನಿನ್ನ ಆಜ್ಞಾಧಾರಕ (ಇವತ್ತಿನ ಮಟ್ಟಿಗೆ) ತಮ್ಮ,
ಶಿವರಾಜ

ತಾ.ಕ.: ಅಡ್ಡ ನಿಂತವನು ಯಾರೆಂದು ಅವ್ವ ಇನ್ನೂ ಕೇಳುತ್ತಿದ್ದಾಳೆ. ಅವನು ನಮ್ಮ ಜೋಳದ ಹೊಲದ ಬೆದರುಗೊಂಬೆ, ಅಪ್ಪನ ಹಳೇ ಅಂಗಿಯವನು. ಅವ್ವನನ್ನು ನಗಿಸಲೆಂದು ನಾನೇ ತಿರುವಿಗೆ ತಂದು ನಿಲ್ಲಿಸಿದ್ದೆ. ಅವನನ್ನೂ ಸೀಟಿನಲ್ಲಿ ಕೂರಿಸಿ ಅಳೆದೆ: ಹದಿಮೂರು ಇಂಚು, ಬೆಲ್ಟು ಸರಿಯಾಗಿ ಹೆಗಲ ಮೇಲೆ. ಮೇಲಿನದೆಲ್ಲ ಅವ್ವನಿಗೆ ಓದಿ ಹೇಳಿದ್ದೇನೆ. ಈ ನಾಲ್ಕು ಸಾಲು ಇನ್ನೂ ಓದಿಲ್ಲ.