ಶಾಲಿನ ಕೆಳಗಿನ ಕೈ

ರೋಣ
18-11-2024, ಸೋಮವಾರ

ಅಮರೇಶ ಅವರಿಗೆ,

ನಾನೂ ಅತ್ತೆಯೂ ಚೆನ್ನಾಗಿದ್ದೇವೆ. ಬೆಂಗಳೂರಿನಲ್ಲಿ ನೀವು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರೆಂದು ಅಂದುಕೊಳ್ಳುತ್ತೇನೆ.

ತನಿಖೆ ಮುಗಿಯುವವರೆಗೆ ನೀವು ಬೀಜ ನಿಗಮದ ಅಧ್ಯಕ್ಷ ಸ್ಥಾನದಿಂದ ದೂರ ಸರಿದದ್ದನ್ನು ಇಲ್ಲಿ ಮೆಚ್ಚುತ್ತಿದ್ದಾರೆ. ಬಸ್ ನಿಲ್ದಾಣದೆದುರು ಬ್ಯಾನರ್ ಕಟ್ಟಿದ್ದಾರೆ. 'ನೈತಿಕತೆ' ಎಂಬ ಪದ ನಿಮ್ಮ ಮುಖಕ್ಕಿಂತ ದೊಡ್ಡದಾಗಿದೆ. ನಿನ್ನೆ ಅದರ ಕೆಳಗೇ ನಿಂತು ಯಾವಗಲ್ ಬಸ್ಸಿಗೆ ಕಾಯುತ್ತಿದ್ದೆ. ಹಾಲೇಶನ ಮನೆಗೆ ಹೋಗುವುದಿತ್ತು.

ರೈತರ ಹೊಲದಲ್ಲಿ ಮೊಳೆಯದೆ ಹೋದ ಆ ಕಡಲೆ ಬೀಜವನ್ನು ದಾಸ್ತಾನಿಗೆ ತೆಗೆದುಕೊಂಡವನು ಗೋದಾಮಿನ ಹಾಲೇಶನೇ ಎಂದು ನೀವು ಹೇಳಿಕೆ ಕೊಟ್ಟ ಮೇಲೆ ಅವನು ಅಮಾನತಾಗಿದ್ದಾನೆ. ಅವನು ನಿಮ್ಮನ್ನು ಬೈಯಲಿಲ್ಲ. ಹೆಂಡತಿ ಕಲ್ಲವ್ವ ಚಹಾ ಕೊಡುತ್ತ, "ಸಾಹೇಬ್ರು ಬಾಜೂಕ ಸರದರ ಹಾರ ಹಾಕ್ತಾರ್ರಿ ಅಕ್ಕಾರ. ನಮ್ಮನ್ನ ಸರಿಸಿದರ ಕಳ್ಳರಂತಾರ" ಎಂದಳು. ಆ ಚಹಾ ಕುಡಿಯದೆ ಏಳಲೂ ಆಗಲಿಲ್ಲ.

ಆ ಬೀಜವನ್ನು ನಿಗಮಕ್ಕೆ ಮಾರಿದ ಗಜೇಂದ್ರಗಡದ ವ್ಯಾಪಾರಿ ನಿಮ್ಮನ್ನು ಸನ್ಮಾನಿಸಲು ಮನೆಗೆ ಬಂದ ಸಂಜೆ ನೆನಪಾಗುತ್ತದೆ. ಶಾಲು ಹೊದಿಸಿದ, ಆಮೇಲೆ ಅದರ ಅಂಚನ್ನು ತನ್ನ ಕೈಮೇಲೂ ಎಳೆದುಕೊಂಡ. ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು, ಬಾಯಿ ಬಿಡದೆ ದರ ಕುದುರಿಸುತ್ತಾರಲ್ಲ, ಹಾಗೆ. ನೀವಿಬ್ಬರೂ ನಗುತ್ತಿದ್ದಿರಿ. ತಮಾಷೆ ಇರಬೇಕೆಂದು ನಾನೂ ನಕ್ಕೆ. ಆಡದ ಮಾತಿಗೆ ಸಾಕ್ಷಿ ಇರುವುದಿಲ್ಲವೆಂದು ನೀವು ನಂಬಿರಬಹುದು.

ಬಂದುಬಿಡಿ. ತನಿಖೆಯವರು ಕೇಳುವ ಮೊದಲು ನೀವೇ ಹೇಳಿಬಿಡಿ. ನಿಮ್ಮ ಬಾಯಿಂದಲೇ ಬಂದರೆ ಹಾಲೇಶ ಉಳಿಯುತ್ತಾನೆ. ನಮ್ಮಿಬ್ಬರ ನಡುವೆಯೂ ಏನಾದರೂ ಉಳಿದೀತು.

ನಿಮ್ಮ
ದೇವಿಕಾ

ಮತ್ತೊಂದು ಮಾತು: 'ಕೇಳುವ ಮೊದಲು' ಎಂದು ಬರೆದೆ. ಅವರು ಇಂದು ಬೆಳಿಗ್ಗೆಯೇ ಬಂದು ಹೋದರು. ನಾನು ಏನೂ ಹೇಳಲಿಲ್ಲ. ಆ ವ್ಯಾಪಾರಿಯ ಪರಿಚಯವಿದೆಯೇ ಎಂದು ಕೇಳಿದಾಗ ಅತ್ತೆಗೆ ಹೆಮ್ಮೆ ತಡೆಯಲಿಲ್ಲ. "ಪರಿಚಯ ಏನ್ ಕೇಳ್ತೀಯೋ ತಮ್ಮಾ, ಇಲ್ಲೇ ಕುಂತು ಶಾಲಿನ ಕೆಳಗ ವ್ಯಾಪಾರ ಮುಗಿಸಿದ್ರು. ನಮ್ಮಪ್ಪ ಎತ್ತಿನ ವ್ಯಾಪಾರಿ, ಮೊಮ್ಮಗಗ ಆ ಕೈ ಬಂದೈತಿ" ಎಂದು, ಅಧಿಕಾರಿಯ ಬೆರಳನ್ನು ಸೆರಗಿನ ಕೆಳಗೆ ಹಿಡಿದು ತೋರಿಸಿಯೂ ಬಿಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ. ಒಮ್ಮೆ ಕೆಮ್ಮಿದ್ದರೂ ಅವರು ಸುಮ್ಮನಾಗುತ್ತಿದ್ದರು. ಕೆಮ್ಮಲಿಲ್ಲ.