ಪಾಲು ಬಿಡುವ ಕಾಗದ

ಚಿತ್ತವಾಡ್ಗಿ, ಹೊಸಪೇಟೆ

ನಿದ್ದೆಪುಡಿ ಕಂಪನಿಯ ಅರ್ಧ ಒಡತಿ ಮಾಧವಿಯವರ ದಿವ್ಯ ಸನ್ನಿಧಾನಕ್ಕೆ,

ಉಳಿದರ್ಧದ ಒಡೆಯ ಭಾರ್ಗವನ ಸಾಷ್ಟಾಂಗ ನಮಸ್ಕಾರ.

ದುಬೈನವರು ಗಸಗಸೆಯನ್ನು ಮಾದಕವಸ್ತು ಎಂದರು, ತೆಗೆದೆವು. ಲಂಡನ್ನಿನವರು ಡಬ್ಬಿಯ ಮೇಲೆ ‘ನಿದ್ದೆ ಬರುತ್ತದೆ’ ಎಂದು ಬರೆಯಬಾರದು ಎಂದರು, ಅದನ್ನೂ ಅಳಿಸಿದೆವು. “ಮೊದ್ಲು ಫಾರಿನ್ನಿನಾಗ ಪುಡಿ ಮಾರಲೇ, ಆಮ್ಯಾಲೆ ಹೆಣ್ಣು ಕೇಳುವಂತಿ” ಎಂದಿದ್ದ ನಿಮ್ಮಪ್ಪ ಶೀನಪ್ಪನವರಿಗೆ ದಯವಿಟ್ಟು ತಿಳಿಸಿ: ಎರಡೂ ಕಡೆಯ ಅನುಮತಿ ನಮ್ಮಿಬ್ಬರ ಹೆಸರಿನಲ್ಲೇ ಬಂದಿದೆ. ನಿಮ್ಮ ಮದುವೆಯಾದ ಮರುವಾರ ಬಂತು.

ಕಂಪನಿಯಲ್ಲಿ ಪಾಲು ಬ್ಯಾಡ ಎಂದು ಹೇಳಿ ಕಳಿಸಿದ್ದೀರಿ. ಅದಕ್ಕೆ ಎರಡೂ ಕಡೆಯವರಿಗೆ ನಿಮ್ಮ ಸಹಿ ಬೇಕಂತೆ, ಕಾಗದಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಕಂಪ್ಲಿಯ ಹೊಸ ಮನೆಯ ವಿಳಾಸವನ್ನೇ ಬರೆಯಿರಿ.

ಅವಸರವೇನಿಲ್ಲ. ನೀವು ಸಹಿ ಮಾಡುವ ತನಕ, ದುಬೈ ಮತ್ತು ಲಂಡನ್ನಿನ ಕಾನೂನಿನ ಪ್ರಕಾರ, ನಾವಿಬ್ಬರೂ ಜೊತೆಗಿದ್ದೇವೆ.

ಇಂತಿ ತಮ್ಮ ಪಾಲುದಾರ,
ಭಾರ್ಗವ